ಹಳೆಯ ರಿವಾಲ್ವರ್ ಕೊಳ್ಳುವುದು, ಕೈಗೊಪ್ಪುವ ಹಿಡಿ ಹುಡುಕುವುದು: ತೇನಿ, ಕಂಬಂ, ದಿಂಡಿಗಲ್ ಕನ್ನಡ ಕುಟುಂಬಗಳಿಗೆ ಒಂದು ಕೈಪಿಡಿ

ಕಂಬಂ ಕಣಿವೆಯ ಕಪ್ಪಿಲಿಯರ್ ಒಕ್ಕಲು ಮನೆಗಳಿಗೂ, ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಕ್ಕೆ ಹೊಂದಿಕೊಂಡ ಮನೆಗಳಿಗೂ ಕೋವಿಯ ಮಾತು ತೀರ ಹೊಸತಲ್ಲ. ಮನೆ ತಮಿಳುನಾಡಿನ ಬಯಲಿನಲ್ಲಿ, ತೋಟ ಕೇರಳದ ಬೆಟ್ಟದ ಮೇಲೆ, ಹರಾಜು ಬೋಡಿಯಲ್ಲೋ ಪುಟ್ಟಡಿಯಲ್ಲೋ ನಡೆಯುತ್ತದೆ. ಹೀಗೆ ಹಣ ಮತ್ತು ಸರಕಿನೊಡನೆ ಘಟ್ಟ ಹತ್ತಿಳಿಯುವವರಲ್ಲಿ ಕೆಲವರು ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ತೀರಿಹೋದ ಹಿರಿಯರ ರಿವಾಲ್ವರ್ ಪೆಟ್ಟಿಗೆಯ ತಳದಲ್ಲಿ ಉಳಿದಿರುತ್ತದೆ. ಮೊದಲನೆಯವರು ಹಳೆಯ ಅಸ್ತ್ರವನ್ನು ಕೊಳ್ಳುವಾಗ ಎಡವುತ್ತಾರೆ. ಎರಡನೆಯವರಿಗೆ ಮನೆಯೊಳಗೆ ಒಂದು ಅಪರಾಧ ಬೆಳೆಯುತ್ತಿದೆ ಎಂಬ ಅರಿವೇ ಇರುವುದಿಲ್ಲ.

ಕೋವಿಯನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಕಾನೂನಿನ ದಾರಿ ಯಾವುದು, ಹಳೆಯ ರಿವಾಲ್ವರಿನಲ್ಲಿ ನೋಡಬೇಕಾದುದೇನು, ಕೈಗೆ ಹೊಂದುವ ಹಿಡಿಯನ್ನು ಆರಿಸುವುದು ಹೇಗೆ, ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಅದನ್ನು ಇಡುವುದು ಹೇಗೆ ಎಂಬುದನ್ನು ನಮ್ಮ ಭಾಷೆಯಲ್ಲಿ ಒಂದೆಡೆ ಹೇಳುವುದಷ್ಟೇ ಇದರ ಗುರಿ. ಈ ವಿಷಯದ ಕಾಗದಪತ್ರಗಳೆಲ್ಲ ತಮಿಳು ಅಥವಾ ಇಂಗ್ಲಿಷಿನಲ್ಲಿರುವುದರಿಂದ, ಮನೆಯಲ್ಲಿ ಕನ್ನಡವನ್ನಾಡುವ ಹಿರಿಯರು ಸಹಿ ಹಾಕುವ ಹಾಳೆಯಲ್ಲಿ ಏನಿದೆ ಎಂದು ತಿಳಿಯದೆ ಸಹಿ ಹಾಕುವ ಸಂದರ್ಭಗಳೇ ಹೆಚ್ಚು.

ಕಾನೂನಿನ ಹಿನ್ನೆಲೆ

ದಿಂಡಿಗಲ್ಲಿಗೂ ಮದ್ದುಗುಂಡಿಗೂ ಇರುವ ನಂಟು ಹಳೆಯದು. 1755ರಲ್ಲಿ ಮೈಸೂರಿನ ಪರವಾಗಿ ದಿಂಡಿಗಲ್ಲಿನ ಫೌಜುದಾರನಾದ ಹೈದರ್ ಅಲಿಯು ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಅಲ್ಲಿ ಶಸ್ತ್ರಾಗಾರವನ್ನು ಕಟ್ಟಿ ಬೆಳೆಸಿದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಸೀಮೆ ಇಂಗ್ಲಿಷರ ವಶವಾಯಿತು. ವೈಸರಾಯ್ ಲಿಟ್ಟನ್ ಕಾಲದ 1878ರ ಆಯುಧ ಕಾಯಿದೆಯು ಭಾರತೀಯರ ಕೈಯಲ್ಲಿ ಪರವಾನಗಿಯಿಲ್ಲದೆ ಆಯುಧ ಇರಕೂಡದೆಂದು ವಿಧಿಸಿತು. ಸ್ವಾತಂತ್ರ್ಯಾನಂತರ ಅದರ ಜಾಗಕ್ಕೆ ಬಂದುದು 1959ರ ಆಯುಧ ಕಾಯಿದೆ. ಅದರ ಅಡಿಯ 1962ರ ನಿಯಮಗಳಿಗೆ ಬದಲಾಗಿ ಈಗ 2016ರ ಆಯುಧ ನಿಯಮಗಳು ಜಾರಿಯಲ್ಲಿವೆ. 2019ರ ಡಿಸೆಂಬರಿನಲ್ಲಿ ಸಂಸತ್ತು ಕಾಯಿದೆಗೆ ಮಹತ್ವದ ತಿದ್ದುಪಡಿಯನ್ನು ತಂದಿತು.

ಕೊಡಗಿನ ಬಂಧುಗಳ ಉದಾಹರಣೆಯನ್ನು ಕೊಟ್ಟು ‘ಕನ್ನಡನಾಡಿನವರಿಗೆ ಕೋವಿಗೆ ಪರವಾನಗಿ ಬೇಡವಂತೆ’ ಎನ್ನುವವರು ನಮ್ಮಲ್ಲಿದ್ದಾರೆ. ಅದು ತಪ್ಪು ತಿಳಿವಳಿಕೆ. ಆ ವಿನಾಯಿತಿ ಕೊಡವ ಜನಾಂಗಕ್ಕೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರದ ಅಧಿಸೂಚನೆಯಿಂದ ದೊರೆತದ್ದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಕನ್ನಡ ಮಾತನಾಡುತ್ತೇವೆ ಎಂಬ ಕಾರಣಕ್ಕೆ ತೇನಿಯಲ್ಲಾಗಲಿ ದಿಂಡಿಗಲ್ಲಿನಲ್ಲಾಗಲಿ ಯಾರಿಗೂ ಅದು ಅನ್ವಯಿಸುವುದಿಲ್ಲ.

ಮೊದಲು ಪರವಾನಗಿ, ಆಮೇಲೆ ಅಸ್ತ್ರ

ರಿವಾಲ್ವರನ್ನು ನೋಡಿ, ಮುಂಗಡ ಕೊಟ್ಟು, ಆಮೇಲೆ ಪರವಾನಗಿಗೆ ಓಡಾಡುವುದು ತಲೆಕೆಳಗಾದ ಕ್ರಮ. ಕಾಯಿದೆಯ 3ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಅಗ್ನ್ಯಸ್ತ್ರವನ್ನು ಪಡೆಯುವುದೂ, ಹೊಂದುವುದೂ, ಒಯ್ಯುವುದೂ ನಿಷಿದ್ಧ. 2019ರ ತಿದ್ದುಪಡಿಯ ನಂತರ, ಪರವಾನಗಿಯಿಲ್ಲದೆ ಸಾಮಾನ್ಯ ಅಗ್ನ್ಯಸ್ತ್ರವನ್ನು ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ ಮತ್ತು ದಂಡವಿದೆ. ನಿಷೇಧಿತ ವರ್ಗದ ಆಯುಧವಾದರೆ ಕನಿಷ್ಠ ಶಿಕ್ಷೆಯೇ 7 ವರ್ಷ. ‘ಅಗ್ಗಕ್ಕೆ ಬರುತ್ತದೆ’ ಎಂದು ನಾಡಪಿಸ್ತೂಲನ್ನು ತಂದುಕೊಡುವವರ ಮಾತಿಗೆ ಕಿವಿಗೊಡುವುದೆಂದರೆ ಮನೆಯ ದುಡಿಯುವ ಕೈಯನ್ನು ಸೆರೆಮನೆಗೆ ಕಳುಹಿಸಿಕೊಟ್ಟಂತೆ.

ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾ ಕಲೆಕ್ಟರರಿಗೆ ಸಲ್ಲಿಸಬೇಕು. ವ್ಯಕ್ತಿಗಳ ಅರ್ಜಿ ನಮೂನೆ ಎ-1. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಗುರುತು, ವಿಳಾಸ, ವಯಸ್ಸಿನ ದಾಖಲೆಗಳ ಜೊತೆಗೆ ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವೂ, ಆಯುಧವನ್ನು ಭದ್ರವಾಗಿಡುವ ಬಗೆಗಿನ ಮುಚ್ಚಳಿಕೆಯೂ ಬೇಕಾಗುತ್ತವೆ. ಪೊಲೀಸ್ ವರದಿ ಬಂದ ನಂತರವೇ ಕಲೆಕ್ಟರರು ತೀರ್ಮಾನಿಸುತ್ತಾರೆ. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕೆಂಬುದು ನಿಯಮ. ಆ ಆದೇಶದ ವಿರುದ್ಧ 18ನೆಯ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಪರವಾನಗಿಯ ಅವಧಿ ಈಗ 5 ವರ್ಷ. ಪ್ರತಿ ಪರವಾನಗಿದಾರನಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಯುಐಎನ್ ಎಂಬ ವಿಶಿಷ್ಟ ಸಂಖ್ಯೆಯಿರುತ್ತದೆ. ಆ ಸಂಖ್ಯೆಯಿಲ್ಲದ ಹಳೆಯ ಪರವಾನಗಿ ಪುಸ್ತಕ ಇಂದು ಊರ್ಜಿತವಲ್ಲ. ಒಬ್ಬರು ಹೊಂದಬಹುದಾದ ಅಗ್ನ್ಯಸ್ತ್ರಗಳ ಸಂಖ್ಯೆಯನ್ನು 2019ರಲ್ಲಿ ಮೂರರಿಂದ ಎರಡಕ್ಕೆ ಇಳಿಸಲಾಯಿತು. ಪಿತ್ರಾರ್ಜಿತವಾಗಿ ಬಂದದ್ದೂ ಈ ಲೆಕ್ಕದಲ್ಲಿ ಸೇರುತ್ತದೆ.

ಬೆಳೆ ಕಾಯುವ ರೈತರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೆಳೆರಕ್ಷಣೆಗೆ ಕಾಯಿದೆಯು ಹೇಳುವುದು ಬಾಯಿಮದ್ದಿನ ಕೋವಿಯನ್ನು. ರಿವಾಲ್ವರ್ ಆ ಲೆಕ್ಕಕ್ಕೆ ಬರುವುದಿಲ್ಲ. ಬಾಳೆ, ದ್ರಾಕ್ಷಿ ತೋಟಗಳಿಗೆ ನುಗ್ಗುವ ಕಾಡುಹಂದಿಗೆ ಮದ್ದೆಂದು ರಿವಾಲ್ವರ್ ಕೇಳಿದರೆ ಅರ್ಜಿ ನಿಲ್ಲುವುದಿಲ್ಲ. 2023ರ ಮೇ ತಿಂಗಳಲ್ಲಿ ಅರಿಕೊಂಬನ್ ಎಂಬ ಸಲಗ ಕಂಬಂ ಪಟ್ಟಣದ ಬೀದಿಗಳಿಗೇ ಬಂದಾಗ ‘ಮನೆಗೊಂದು ಕೋವಿ ಬೇಕು’ ಎಂಬ ಮಾತು ಎದ್ದಿದ್ದರೆ ಅದು ಭಯದ ಮಾತೇ ಹೊರತು ವಿವೇಕದ ಮಾತಲ್ಲ. ರಿವಾಲ್ವರಿನ ಗುಂಡು ಆನೆಯನ್ನು ಕೆರಳಿಸಬಲ್ಲದು, ತಡೆಯಲಾರದು. ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ರಡಿ ಅದು ಗಂಭೀರ ಅಪರಾಧವೂ ಆಗುತ್ತದೆ.

ಯಾವ ಅಳತೆಯ ರಿವಾಲ್ವರ್?

ಹಳೆಯ ರಿವಾಲ್ವರ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ಬೋರಿನದು. ಸೇನೆ ಮತ್ತು ಪೊಲೀಸರ ಕಾಡತೂಸುಗಳನ್ನು ಹಾರಿಸಬಲ್ಲ ಅಸ್ತ್ರಗಳು ಸಾಮಾನ್ಯ ನಾಗರಿಕರಿಗೆ ನಿಷೇಧಿತ. .380 ಮತ್ತು .455 ಅಳತೆಯ ಅಂಚುಳ್ಳ ಕಾಡತೂಸುಗಳು ಈ ಗುಂಪಿಗೆ ಸೇರುತ್ತವೆ. ಆದ್ದರಿಂದ ಎರಡನೆಯ ಮಹಾಯುದ್ಧದ ಕಾಲದ .380 ವೆಬ್ಲಿ ಅಥವಾ ಎನ್‌ಫೀಲ್ಡ್ ರಿವಾಲ್ವರನ್ನು ‘ಪುರಾತನ ವಸ್ತು’ ಎಂದು ಯಾರಾದರೂ ತೋರಿಸಿದರೆ, ಅದು ಎಷ್ಟೇ ಚೆನ್ನಾಗಿದ್ದರೂ ಕೈ ಚಾಚಬಾರದು.

ನಾಗರಿಕ ಪರವಾನಗಿಯಲ್ಲಿ ಹೆಚ್ಚಾಗಿ ಕಾಣುವುದು .32 ಅಳತೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳು ತಯಾರಿಸುವ .32 ರಿವಾಲ್ವರ್ ವೆಬ್ಲಿಯ ಮಾದರಿಯಲ್ಲಿ ನಡುವೆ ಮಡಚಿ ತೆರೆದುಕೊಳ್ಳುವಂಥದು. ಆರು ಕಾಡತೂಸು ಹಿಡಿಯುತ್ತದೆ. 2014ರಲ್ಲಿ ಮಹಿಳೆಯರಿಗಾಗಿ ಎಂದು ಹೊರತಂದ ಹಗುರವಾದ ‘ನಿರ್ಭೀಕ್’ ಇದೇ ಅಳತೆಯದು; ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. 2023ರ ಆಗಸ್ಟಿನಲ್ಲಿ ಬಂದ ‘ಪ್ರಬಲ್’ ಕೂಡ .32 ಅಳತೆಯದೇ, ಆದರೆ ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. 1980ರ ದಶಕದ ನಡುವಿನಿಂದ ವಿದೇಶಿ ಅಸ್ತ್ರಗಳ ಸಾಮಾನ್ಯ ಆಮದು ನಿಂತುಹೋದ ಕಾರಣ ಸ್ಮಿತ್ ಅಂಡ್ ವೆಸನ್, ಕೋಲ್ಟ್, ವೆಬ್ಲಿ ಹೆಸರಿನ ಹಳೆಯ ರಿವಾಲ್ವರುಗಳು ಕೈಯಿಂದ ಕೈಗೆ ದುಬಾರಿ ಬೆಲೆಗೆ ಸಾಗುತ್ತವೆ. ಅಲ್ಲಿ ತೆರುವ ಹಣದ ಬಹುಪಾಲು ಹೆಸರಿಗೆ, ಗುಣಕ್ಕಲ್ಲ.

‘.32’ ಎಂಬ ಬರಹ ಮಾತ್ರ ಸಾಲದು. .32 ಎಸ್ ಅಂಡ್ ಡಬ್ಲ್ಯು ಲಾಂಗ್, .32 ಎಸ್ ಅಂಡ್ ಡಬ್ಲ್ಯು, .32-20 ಎಂಬುವು ಬೇರೆ ಬೇರೆ ಕಾಡತೂಸುಗಳು, ಪಿಸ್ತೂಲಿನ.32 ಮತ್ತೊಂದು. ನಮ್ಮ ಅಂಗಡಿಗಳಲ್ಲಿ ರಿವಾಲ್ವರಿಗೆ ದೊರೆಯುವುದು ಸಾಮಾನ್ಯವಾಗಿ ಎಸ್ ಅಂಡ್ ಡಬ್ಲ್ಯು ಲಾಂಗ್. ನಳಿಗೆಯ ಮೇಲಿನ ಕೆತ್ತನೆಯನ್ನು ಪೂರ್ತಿ ಓದಿ, ಪರವಾನಗಿ ಪಡೆದ ವ್ಯಾಪಾರಿಯಿಂದ ಖಚಿತಪಡಿಸಿಕೊಳ್ಳದೆ ಯಾವ ಕಾಡತೂಸನ್ನೂ ತುಂಬಬಾರದು.

ಕೈಬದಲಾಗುವ ಕ್ರಮ

ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಕೊಳ್ಳುವುದು ಸುಲಭದ ದಾರಿ. ಒಬ್ಬ ಪರವಾನಗಿದಾರನಿಂದ ನೇರವಾಗಿ ಮತ್ತೊಬ್ಬನು ಕೊಳ್ಳುವುದಕ್ಕೂ 5ನೆಯ ಕಲಮಿನ 2ನೆಯ ಉಪಕಲಮು ಅವಕಾಶ ಕೊಡುತ್ತದೆ, ಎರಡು ಷರತ್ತುಗಳೊಡನೆ. ಒಂದು, ಮಾರುವವನು ತನ್ನ ಉದ್ದೇಶವನ್ನೂ ಕೊಳ್ಳುವವನ ಹೆಸರು ವಿಳಾಸಗಳನ್ನೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಎರಡು, ಹಾಗೆ ತಿಳಿಸಿ ಕನಿಷ್ಠ 45 ದಿನ ಕಳೆದಿರಬೇಕು. ಈ 45 ದಿನಗಳೊಳಗೆ ‘ನಿಮ್ಮಲ್ಲೇ ಇರಲಿ’ ಎಂದು ಅಸ್ತ್ರವನ್ನು ಕೊಟ್ಟರೆ ಇಬ್ಬರೂ ತಪ್ಪಿತಸ್ಥರು.

ಕೊಳ್ಳುವವನು ಮಾಡಬೇಕಾದುದನ್ನು ಕ್ರಮವಾಗಿ ಹೇಳುವುದಾದರೆ:

1. ತನ್ನ ಪರವಾನಗಿಯಲ್ಲಿ ರಿವಾಲ್ವರ್ ಎಂಬ ವರ್ಗವೂ, ಕೊಳ್ಳಬೇಕಾದ ಕಾಲಮಿತಿಯೂ ಏನೆಂದು ನೋಡಿಕೊಳ್ಳಬೇಕು.
2. ಮಾರುವವನ ಮೂಲ ಪರವಾನಗಿಯನ್ನು ನೋಡಬೇಕು. ನೆರಳಚ್ಚು ಪ್ರತಿಯನ್ನು ನಂಬಬಾರದು. ಅದರ ಅವಧಿ ಮುಗಿದಿದ್ದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಬೇಕು.
3. ಪರವಾನಗಿಯಲ್ಲಿ ಬರೆದ ಕ್ರಮಸಂಖ್ಯೆಯೂ ಅಸ್ತ್ರದ ಚೌಕಟ್ಟಿನ ಮೇಲಿನ ಸಂಖ್ಯೆಯೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಉಜ್ಜಿ ಅಳಿಸಿದ ಅಥವಾ ಮರುಕೆತ್ತಿದ ಗುರುತುಳ್ಳ ಅಸ್ತ್ರವನ್ನು ಮುಟ್ಟಲೇಬಾರದು. ಗುರುತಿನ ಸಂಖ್ಯೆಯಿಲ್ಲದ ಅಗ್ನ್ಯಸ್ತ್ರವನ್ನು ಮಾರುವುದೂ ಹಸ್ತಾಂತರಿಸುವುದೂ 8ನೆಯ ಕಲಮಿನಡಿ ನಿಷಿದ್ಧ.
4. ಮಾರುವವನು ಬೇರೆ ಜಿಲ್ಲೆಯವನಾದರೆ ಅವನ ಪರವಾನಗಿ ಪ್ರಾಧಿಕಾರದ ಲಿಖಿತ ಒಪ್ಪಿಗೆ ಬೇಕೇ ಎಂದು ಎರಡೂ ಕಚೇರಿಗಳಲ್ಲಿ ಮೊದಲೇ ಕೇಳಬೇಕು.
5. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಬೇಕು.
6. ಅಸ್ತ್ರವನ್ನು ತನ್ನ ಪರವಾನಗಿಯಲ್ಲಿ ನಮೂದಿಸಿಕೊಳ್ಳಬೇಕು. ಮಾರಿದವನ ಪುಸ್ತಕದಿಂದ ಅದು ತೆಗೆದುಹಾಕಲ್ಪಟ್ಟಿದೆಯೇ ಎಂದೂ ನೋಡಬೇಕು.

ಕೊಳ್ಳುವ ಮುನ್ನ ಪರೀಕ್ಷೆ

ಪರೀಕ್ಷೆಯ ಮೊದಲ ನಿಯಮ: ಸಿಲಿಂಡರನ್ನು ತೆರೆದು, ಪ್ರತಿ ಕೋಣೆಯೂ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಮಾರುವವನು ‘ಖಾಲಿಯಿದೆ’ ಎಂದರೂ ಇದನ್ನು ಬಿಡಬಾರದು. ಪರೀಕ್ಷೆ ನಡೆಯುವ ಕೋಣೆಯಲ್ಲಿ ಕಾಡತೂಸೇ ಇರಬಾರದು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಿರಬಾರದು.

ಅನಂತರ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಬೇಕು. ಒಳಗಿನ ಸುರುಳಿ ಗೆರೆಗಳು ಸ್ಪಷ್ಟವಾಗಿರಬೇಕು. ತುಕ್ಕು ತಿಂದ ಗುಂಡಿಗಳು, ಉಂಗುರದಂತೆ ಉಬ್ಬಿದ ಜಾಗ, ನಳಿಗೆಯ ಹಿಂಬದಿಯ ಬಾಯಲ್ಲಿ ಕೂದಲೆಳೆಯ ಬಿರುಕು ಇವುಗಳಲ್ಲಿ ಯಾವುದು ಕಂಡರೂ ಆ ರಿವಾಲ್ವರ್ ಬೇಡ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸಾಮಾನ್ಯವಾಗಿ 0.10ರಿಂದ 0.25 ಮಿಲಿಮೀಟರಿನಷ್ಟಿರುತ್ತದೆ. ಇದಕ್ಕಿಂತ ಬಹಳ ಹೆಚ್ಚಾದರೆ ಹಾರಿಸುವಾಗ ಬಿಸಿ ಅನಿಲವೂ ಸೀಸದ ಚೂರುಗಳೂ ಪಕ್ಕಕ್ಕೆ ಚಿಮ್ಮುತ್ತವೆ.

ಖಾಲಿ ರಿವಾಲ್ವರಿನ ಹ್ಯಾಮರನ್ನು ನಿಧಾನವಾಗಿ ಎಳೆದಾಗ, ಅದು ಪೂರ್ತಿ ಹಿಂದಕ್ಕೆ ಬರುವಷ್ಟರಲ್ಲಿ ಸಿಲಿಂಡರ್ ತನ್ನ ಗೂಟಕ್ಕೆ ಬಿದ್ದು ನಿಲ್ಲಬೇಕು. ಆರೂ ಕೋಣೆಗಳಲ್ಲಿ ಇದನ್ನು ಒಂದೊಂದಾಗಿ ನೋಡಬೇಕು. ಒಂದು ಕೋಣೆಯಲ್ಲಾದರೂ ಸಿಲಿಂಡರ್ ಹಿಂದೆ ಬಿದ್ದರೆ ಗುಂಡು ನಳಿಗೆಯ ನೇರಕ್ಕೆ ಬರದೆ ಅಂಚಿಗೆ ಬಡಿಯುತ್ತದೆ. ನಿಂತ ಸಿಲಿಂಡರನ್ನು ಎರಡು ಬೆರಳುಗಳಿಂದ ಅಲುಗಿಸಿದಾಗ ತುಸು ಸಡಿಲ ಇರಬಹುದು, ಗಡಗಡ ಅಲುಗಬಾರದು. ಎಳೆದು ನಿಲ್ಲಿಸಿದ ಹ್ಯಾಮರನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ, ಟ್ರಿಗರ್ ಮುಟ್ಟದೆ ಅದು ಬೀಳಕೂಡದು. ಬಿದ್ದರೆ ಅದು ಮನೆಯಲ್ಲಿಡಲು ಯೋಗ್ಯವಾದ ಅಸ್ತ್ರವಲ್ಲ.

ಮಡಚಿ ತೆರೆಯುವ ಮಾದರಿಯಲ್ಲಿ ಇನ್ನೊಂದು ಪರೀಕ್ಷೆಯಿದೆ. ಮೇಲಿನ ಕೊಂಡಿ ಮತ್ತು ಕೆಳಗಿನ ಕೀಲುಗಳೇ ಇಡೀ ಸ್ಫೋಟದ ಒತ್ತಡವನ್ನು ತಾಳುವ ಭಾಗಗಳು. ಮುಚ್ಚಿದ ಮೇಲೆ ನಳಿಗೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಿ ನೋಡಬೇಕು. ಕಣ್ಣಿಗೆ ಕಾಣುವಷ್ಟು ಅಲುಗಿದರೆ ಕೊಂಡಿ ಸವೆದಿದೆ ಎಂದರ್ಥ. ಹೊಳೆಯುವ ಹೊಸ ಬಣ್ಣ ಮೋಸಗೊಳಿಸುವುದೂ ಉಂಟು. ಅಕ್ಷರಗಳ ಅಂಚು ಮಸುಕಾಗಿ, ತಿರುಪಿನ ರಂಧ್ರಗಳು ಬಟ್ಟಲಾಗಿದ್ದರೆ ತುಕ್ಕನ್ನು ಉಜ್ಜಿ ಮೇಲೆ ಬಣ್ಣ ಹಚ್ಚಲಾಗಿದೆ ಎಂದು ತಿಳಿಯಬಹುದು.

ಕೈಗೊಪ್ಪುವ ಹಿಡಿ

ಹಳೆಯ ರಿವಾಲ್ವರಿನಲ್ಲಿ ಮೊದಲು ಹಾಳಾಗುವುದು ಹಿಡಿಯ ಎರಡು ಪಕ್ಕೆಗಳು; ವ್ಯಾಪಾರಿಗಳ ಮಾತಿನಲ್ಲಿ ಗ್ರಿಪ್. ಮರದ್ದಾದರೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಹಳೆಯ ಪ್ಲಾಸ್ಟಿಕ್ ಕುಗ್ಗಿ ತಿರುಪಿನ ಸುತ್ತ ಸೀಳುತ್ತದೆ. ಸಡಿಲವಾದ ಹಿಡಿ ಬರಿಯ ಅಂದದ ಪ್ರಶ್ನೆಯಲ್ಲ. ಹಾರಿಸುವಾಗ ಅಸ್ತ್ರ ಅಂಗೈಯೊಳಗೆ ತಿರುಗಿದರೆ ಎರಡನೆಯ ಗುಂಡು ಎಲ್ಲಿಗೆ ಹೋಗುವುದೆಂದು ಹೇಳಲಾಗದು.

ಹಿಡಿ ಕೈಗೆ ಒಪ್ಪುತ್ತದೆಯೇ ಎಂದು ನೋಡಲು ನಾಲ್ಕು ಗುರುತುಗಳಿವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಯ ಬೆನ್ನಿನ ಮೇಲ್ಭಾಗಕ್ಕೆ ಚೆನ್ನಾಗಿ ಅಂಟಬೇಕು, ಆದರೆ ಹ್ಯಾಮರಿಗೆ ತಾಗಬಾರದು. ನಳಿಗೆ ಮುಂಗೈ ಮೂಳೆಯ ನೇರಕ್ಕಿರಬೇಕು. ತೋರುಬೆರಳಿನ ಮೊದಲ ಗೆಣ್ಣಿನ ಬಳಿ ಟ್ರಿಗರ್ ಸಿಗಬೇಕು; ಬೆರಳ ತುದಿಯಷ್ಟೇ ಎಟುಕಿದರೆ ಹಿಡಿ ದಪ್ಪವಾಯಿತು, ಎರಡನೆಯ ಗೆಣ್ಣು ದಾಟಿದರೆ ತೆಳುವಾಯಿತು. ಉಳಿದ ಮೂರು ಬೆರಳುಗಳಿಗೆ ಹಿಡಿಯ ಮೇಲೆ ಜಾಗವಿರಬೇಕು. ಗಿಡ್ಡ ಹಿಡಿಯಲ್ಲಿ ಕಿರುಬೆರಳು ಕೆಳಗೆ ಮಡಚಿಕೊಳ್ಳುವುದುಂಟು. ಮನೆಯಲ್ಲಿ ಪರವಾನಗಿ ಹೆಂಗಸಿನ ಹೆಸರಿನಲ್ಲಿದ್ದು, ಅಂಗಡಿಯಲ್ಲಿ ಗಂಡಸು ಹಿಡಿದುನೋಡಿ ಆರಿಸುವುದು ನಡೆಯುತ್ತದೆ. ಯಾರ ಹೆಸರಿನಲ್ಲಿ ಪರವಾನಗಿಯೋ ಅವರ ಕೈಯೇ ಅಳತೆ.

ಹಿಡಿ ಚೌಕಟ್ಟಿಗೆ ಹೊಂದುವುದು ಬೇರೆಯದೇ ಮಾತು. ‘ಸ್ಮಿತ್ ಅಂಡ್ ವೆಸನ್ ಹಿಡಿ ಕೊಡಿ’ ಎಂದರೆ ಸಾಲದು. ಆ ಕಂಪನಿಯ ಚೌಕಟ್ಟುಗಳಿಗೆ ಅಕ್ಷರದ ಹೆಸರುಗಳಿವೆ: ಜೆ ಚಿಕ್ಕದು, ಕೆ ಮತ್ತು ಎಲ್ ನಡುವಿನವು, ಎನ್ ದೊಡ್ಡದು. ಕೆ ಮತ್ತು ಎಲ್ ಚೌಕಟ್ಟುಗಳಿಗೆ ಒಂದೇ ಹಿಡಿ ಹೊಂದುತ್ತದೆ. ಜೆ ಹಿಡಿ ಕೆ ಚೌಕಟ್ಟಿಗೆ ಕೂರುವುದಿಲ್ಲ. ಒಂದೇ ಚೌಕಟ್ಟಿನಲ್ಲೂ ಹಿಡಿಯ ಬುಡ ದುಂಡಗಿರುವುದು, ಚೌಕವಾಗಿರುವುದು ಎಂಬ ಎರಡು ಬಗೆಗಳಿವೆ. ಕೋಲ್ಟಿನ ಚಿಕ್ಕ ಚೌಕಟ್ಟಿನಲ್ಲಿ ಹಿಡಿಯ ಭಾಗವನ್ನು 1966ರಲ್ಲಿ ಗಿಡ್ಡ ಮಾಡಿದ್ದರಿಂದ ಅದಕ್ಕೆ ಮೊದಲಿನ ಹಿಡಿ ಆಮೇಲಿನದಕ್ಕೆ ಸರಿಹೋಗದು. ಕಾನ್ಪುರದ .32 ರಿವಾಲ್ವರಿಗೆ ವೆಬ್ಲಿಯ ಹೋಲಿಕೆಯಿದ್ದರೂ ‘ಒಂದೇ ತರಹ ಕಾಣುತ್ತದೆ’ ಎಂಬ ನಂಬಿಕೆಯ ಮೇಲೆ ಹಿಡಿ ತರಿಸಬಾರದು. ತಯಾರಾದ ವರ್ಷ, ಮಾದರಿ, ತಿರುಪಿನ ರಂಧ್ರದಿಂದ ಬುಡಕ್ಕಿರುವ ದೂರ, ಬೆನ್ನಿನ ಬಾಗು ಇವನ್ನು ಅಳೆದು ಬರೆದುಕೊಂಡೇ ಕೇಳಬೇಕು.

ಹೊಸ ಹಿಡಿ ಕೂರಿಸಿದ ಮೇಲೆ ಪಕ್ಕೆ ಅಲುಗಬಾರದು. ಚೌಕಟ್ಟಿನ ಅಂಚಿನಲ್ಲಿ ಉಗುರು ತೂರುವಷ್ಟು ಸಂದಿರಬಾರದು. ಒಳಗಿನ ಸ್ಪ್ರಿಂಗಿಗೆ ಮರ ತಾಗಬಾರದು; ತಾಗಿದರೆ ಹ್ಯಾಮರಿನ ಪೆಟ್ಟು ಕುಂದಿ ಕಾಡತೂಸು ಹೊತ್ತದೆ ಉಳಿಯಬಹುದು. ಪಕ್ಕಕ್ಕೆ ತೆರೆಯುವ ಸಿಲಿಂಡರಾದರೆ ಖಾಲಿ ಕೋಶಗಳು ಎಡಪಕ್ಕೆಗೆ ತಡೆಯದೆ ಹೊರಬೀಳಬೇಕು. ತಿರುಪನ್ನು ಸಾಕಷ್ಟು ಬಿಗಿದರೆ ಸಾಕು. ಅತಿಯಾಗಿ ಬಿಗಿದರೆ ಮರ ಸೀಳುತ್ತದೆ.

ಊರಿನ ಬಡಗಿ ಎಷ್ಟೇ ಕುಶಲನಾದರೂ ರಿವಾಲ್ವರನ್ನು ಅವನ ಅಂಗಡಿಯಲ್ಲಿ ಬಿಟ್ಟುಬರುವಂತಿಲ್ಲ. ಹೊಂದಲು ಅರ್ಹನೇ ಎಂದು ತಿಳಿದುಕೊಳ್ಳದೆ ಇನ್ನೊಬ್ಬನ ವಶಕ್ಕೆ ಅಸ್ತ್ರವನ್ನು ಕೊಡುವುದು 29ನೆಯ ಕಲಮಿನಡಿ ಶಿಕ್ಷಾರ್ಹ. ಅಗ್ನ್ಯಸ್ತ್ರ ದುರಸ್ತಿಗೂ ಪರವಾನಗಿ ಬೇಕು. ಆದ್ದರಿಂದ ಹಿಡಿ ಬದಲಿಸುವ ಕೆಲಸ ಪರವಾನಗಿ ಪಡೆದ ವ್ಯಾಪಾರಿ ಅಥವಾ ದುರಸ್ತಿಗಾರನ ಮೂಲಕವೇ ಆಗಲಿ. ಕೊಟ್ಟದ್ದಕ್ಕೆ ಕ್ರಮಸಂಖ್ಯೆಯುಳ್ಳ ರಸೀದಿ ಪಡೆಯಲಿ. ನಳಿಗೆ ಕತ್ತರಿಸುವುದು, ಸಂಖ್ಯೆಯಿರುವ ಜಾಗವನ್ನು ಉಜ್ಜುವುದು ಹಿಡಿ ಬದಲಿಸಿದಂತಲ್ಲ; ಅವು ಅಪರಾಧಗಳು.

ಹಿರಿಯರು ಬಿಟ್ಟುಹೋದ ರಿವಾಲ್ವರ್

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತೊಂದರೆ ತರುವುದು ಇದೇ. ಪರವಾನಗಿ ವ್ಯಕ್ತಿಗೆ ಕೊಟ್ಟದ್ದು, ಮನೆತನಕ್ಕಲ್ಲ. ಅಜ್ಜ ತೀರಿಕೊಂಡ ಮೇಲೆ ಅವರ ರಿವಾಲ್ವರನ್ನು ‘ನೆನಪಿಗೆ ಇರಲಿ’ ಎಂದು ಇಟ್ಟುಕೊಂಡವರು ಪರವಾನಗಿಯಿಲ್ಲದೆ ಅಸ್ತ್ರ ಹೊಂದಿದವರಾಗುತ್ತಾರೆ. 21ನೆಯ ಕಲಮಿನ ಪ್ರಕಾರ ಅದನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿ ಇಡಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ವಾರಸುದಾರರು ನಿಗದಿತ ಅವಧಿಯೊಳಗೆ ಪರವಾನಗಿ ಪಡೆದು ಅದನ್ನು ಹಿಂಪಡೆಯಬಹುದು, ಇಲ್ಲವೆ ಅರ್ಹನಾದ ಮತ್ತೊಬ್ಬನಿಗೆ ಮಾರಿ ಹಣ ಪಡೆಯಬಹುದು. ಅವಧಿ ಮೀರಿದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಆದ್ದರಿಂದ ಠೇವಣಿಯ ರಸೀದಿಯನ್ನು ಜಮೀನಿನ ಪತ್ರದಷ್ಟೇ ಜೋಪಾನವಾಗಿಡಬೇಕು.

ಹಿರಿಯರು ಬದುಕಿರುವಾಗಲೇ ಇದನ್ನು ನೇರ್ಪಡಿಸುವ ಹಾದಿಯೂ ಇದೆ. ಪರವಾನಗಿದಾರರಿಗೆ 70 ವರ್ಷವಾಗಿದ್ದರೆ, ಅಥವಾ ಅವರು ಆ ಅಸ್ತ್ರವನ್ನು 25 ವರ್ಷ ಹೊಂದಿದ್ದರೆ, ವಾರಸುದಾರರೊಬ್ಬರ ಹೆಸರಿಗೆ ಪರವಾನಗಿ ಕೋರಲು 2016ರ ನಿಯಮಗಳಲ್ಲಿ ಅವಕಾಶವಿದೆ. ಉಳಿದ ವಾರಸುದಾರರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದರೆ ಅಣ್ಣತಮ್ಮಂದಿರ ನಡುವೆ ಜಗಳಕ್ಕೆ ಎಡೆಯಿರುವುದಿಲ್ಲ.

ಹಳೆಯ ಕಾಗದ ಹುಡುಕುವವರು ಜಿಲ್ಲೆಗಳ ಇತಿಹಾಸವನ್ನು ನೆನಪಿಡಬೇಕು. ದಿಂಡಿಗಲ್ ಜಿಲ್ಲೆ ಮದುರೈಯಿಂದ ಬೇರ್ಪಟ್ಟದ್ದು 1985ರಲ್ಲಿ, ತೇನಿ 1996ರಲ್ಲಿ. ಅದಕ್ಕೂ ಮೊದಲು ಕೊಟ್ಟ ಪರವಾನಗಿಯ ಮೇಲೆ ಮದುರೈಯ ಮೊಹರಿರುತ್ತದೆ. ಅಂಥ ಪುಸ್ತಕ ಸಿಕ್ಕರೆ ತೇನಿ ಅಥವಾ ದಿಂಡಿಗಲ್ಲಿನಲ್ಲಿ ಕೇಳುವುದರ ಜೊತೆಗೆ ಮದುರೈಯ ಕಲೆಕ್ಟರ್ ಕಚೇರಿಯಲ್ಲೂ ಕಡತವನ್ನು ವಿಚಾರಿಸಬೇಕು.

ಮಕ್ಕಳಿರುವ ಮನೆ

ಬೀರುವಿನ ಮೇಲ್ಗಡೆ, ದಿಂಬಿನ ಕೆಳಗೆ, ಅಕ್ಕಿಯ ಡಬ್ಬಿಯ ಹಿಂದೆ: ಮನೆಯ ಮಕ್ಕಳಿಗೆ ತಿಳಿಯದ ಜಾಗವೇ ಇಲ್ಲ. ಆಯುಧವನ್ನು ಭದ್ರವಾಗಿಡುವುದು 2016ರ ನಿಯಮಗಳ ಪ್ರಕಾರ ಪರವಾನಗಿದಾರನ ಹೊಣೆ. ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಪೆಟ್ಟಿಗೆ ಬೇಕು. ಬೀಗಕ್ಕೆ ನಾವು ದೂರ ಹೋಗಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ದಿಂಡಿಗಲ್ ಬೀಗವೇ ನಮ್ಮ ಪಕ್ಕದಲ್ಲಿದೆ. ರಿವಾಲ್ವರನ್ನು ಖಾಲಿ ಮಾಡಿ ಒಂದು ಪೆಟ್ಟಿಗೆಯಲ್ಲಿ, ಕಾಡತೂಸನ್ನು ಬೇರೆ ಬೀಗದ ಬೇರೆ ಪೆಟ್ಟಿಗೆಯಲ್ಲಿ ಇಡಬೇಕು. ಕೀಲಿ ಪರವಾನಗಿದಾರನ ಮೈಮೇಲಿರಲಿ, ದೇವರಮನೆಯ ಮೊಳೆಯ ಮೇಲಲ್ಲ.

ಮಕ್ಕಳಿಗೆ ಒಂದು ಪಾಠವನ್ನು ಬಾಯಿಪಾಠ ಮಾಡಿಸಬೇಕು. ಎಲ್ಲಾದರೂ ಕೋವಿ ಕಂಡರೆ ನಿಲ್ಲು, ಮುಟ್ಟಬೇಡ, ದೂರ ಹೋಗು, ದೊಡ್ಡವರಿಗೆ ಹೇಳು. ಆಟಿಕೆಯಂತೆ ಕಂಡರೂ ಇದೇ ನಿಯಮ. ಏರ್‌ಗನ್ ಕೇಳುವ ಮಕ್ಕಳ ಪಾಲಕರಿಗೆ ಒಂದು ಮಾತು: .177 ಅಳತೆಗಿಂತ ದೊಡ್ಡದಾದ, ಅಥವಾ 20 ಜೌಲಿಗಿಂತ ಹೆಚ್ಚು ಬಲದ ಏರ್‌ಗನ್ನಿಗೂ ಪರವಾನಗಿ ಬೇಕು. ಮದುವೆ ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮನೆಯಲ್ಲಿ ಯಾರಾದರೂ ತೀವ್ರ ದುಃಖದಲ್ಲೋ ಕುಡಿತದ ಚಟದಲ್ಲೋ ಸಾಲದ ಸಂಕಟದಲ್ಲೋ ಇದ್ದರೆ, ಆ ಕಾಲಕ್ಕೆ ಅಸ್ತ್ರವನ್ನು ವ್ಯಾಪಾರಿಯಲ್ಲೋ ಠಾಣೆಯಲ್ಲೋ ಇಟ್ಟುಬಿಡುವುದು ಒಳಿತು. ಇದರಲ್ಲಿ ಅವಮಾನವೇನಿಲ್ಲ.

ಗಡಿ ಮತ್ತು ಚುನಾವಣೆ

ಪರವಾನಗಿ ಎಲ್ಲಿಯವರೆಗೆ ಊರ್ಜಿತ ಎಂಬುದು ಅದರ ಮೇಲೆಯೇ ಬರೆದಿರುತ್ತದೆ. ತಮಿಳುನಾಡಿಗೆ ಮಾತ್ರ ಊರ್ಜಿತವಾದ ಪರವಾನಗಿಯೊಡನೆ ಕುಮುಳಿಯ ತಪಾಸಣಾ ಗೇಟನ್ನೋ ಬೋಡಿಮೆಟ್ಟನ್ನೋ ದಾಟಿದರೆ ಕೇರಳದ ನೆಲದಲ್ಲಿ ನೀವು ಪರವಾನಗಿಯಿಲ್ಲದವರೇ. ತೋಟ ಆಚೆ, ಮನೆ ಈಚೆ ಇರುವವರು ಅರ್ಜಿ ಹಾಕುವಾಗಲೇ ಇದನ್ನು ಕಾರಣಸಹಿತ ಬರೆಯಬೇಕು. ಬಸ್ಸಿನಲ್ಲೂ ಸಂತೆಯಲ್ಲೂ ರಿವಾಲ್ವರನ್ನು ಕಾಣುವಂತೆ ಒಯ್ಯಬಾರದು. ಅದು ಚರ್ಮದ ಚೀಲದೊಳಗಿರಬೇಕು. ಚುನಾವಣೆಯ ಕಾಲದಲ್ಲಿ ಠೇವಣಿ ಇಡುವಂತೆ ನೋಟೀಸು ಬಂದರೆ ಪಾಲಿಸಿ, ರಸೀದಿ ಪಡೆದು, ಚುನಾವಣೆ ಮುಗಿದ ಮೇಲೆ ಮರೆಯದೆ ಹಿಂಪಡೆಯಬೇಕು.

ಕಚೇರಿಯ ತಮಿಳು, ಮನೆಯ ಕನ್ನಡ

ಕಚೇರಿಯಲ್ಲಿ ಕಿವಿಗೆ ಬೀಳುವ ಕೆಲವು ತಮಿಳು ಪದಗಳ ಅರ್ಥ ಹೀಗಿದೆ:

ಉರಿಮಂ: ಪರವಾನಗಿ.
ಕೈತ್ತುಪ್ಪಾಕ್ಕಿ: ಕೈಕೋವಿ, ರಿವಾಲ್ವರ್, ಪಿಸ್ತೂಲು ಎರಡಕ್ಕೂ ಬಳಸುತ್ತಾರೆ.
ಮಾವಟ್ಟ ಆಟ್ಚಿಯರ್: ಜಿಲ್ಲಾ ಕಲೆಕ್ಟರ್.
ಕಾವಲ್ ನಿಲೈಯಂ: ಪೊಲೀಸ್ ಠಾಣೆ.
ವಾರಿಸು ಸಾನ್ರಿದಳ್: ವಾರಸುದಾರರ ಪ್ರಮಾಣಪತ್ರ.
ಇರಪ್ಪು ಸಾನ್ರಿದಳ್: ಮರಣ ಪ್ರಮಾಣಪತ್ರ.
ಪುದುಪ್ಪಿತ್ತಲ್: ನವೀಕರಣ.
ಒಪ್ಪಡೈತ್ತಲ್: ವಶಕ್ಕೆ ಒಪ್ಪಿಸುವುದು.

ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನಮಗೆ ಕೊಟ್ಟಿದೆ. ನಿಗದಿತ ನಮೂನೆಯನ್ನು ಕಚೇರಿಯ ಭಾಷೆಯಲ್ಲಿ ತುಂಬಿದರೂ, ವಿಳಂಬವಾದಾಗ ಅಥವಾ ಅನ್ಯಾಯವಾಯಿತೆಂದು ತೋರಿದಾಗ ಕನ್ನಡದಲ್ಲಿ ಮನವಿ ಬರೆದು, ತಮಿಳು ಅನುವಾದವನ್ನು ಜೊತೆಗಿಟ್ಟು, ಸ್ವೀಕೃತಿಯ ಮೊಹರು ಪಡೆಯಬಹುದು. ಕನ್ನಡ ಓದಲು ಕಲಿತ ಮಕ್ಕಳು ಮನೆಯ ಹಿರಿಯರಿಗೆ ಈ ಹಾಳೆಗಳನ್ನು ಓದಿಹೇಳಲಿ. ಪೆಟ್ಟಿಗೆಯ ತಳದಲ್ಲಿ ಹಳೆಯ ರಿವಾಲ್ವರ್ ಇರುವ ಮನೆಯವರು ಮಾತ್ರ ಇದನ್ನು ಓದಿ ಸುಮ್ಮನಾಗಬಾರದು. ವಕೀಲರೊಬ್ಬರನ್ನು ಕಂಡು, ಪರವಾನಗಿ ಪುಸ್ತಕ ಮತ್ತು ಮರಣ ಪ್ರಮಾಣಪತ್ರಗಳನ್ನು ಕೈಯಲ್ಲಿಟ್ಟುಕೊಂಡು, ಈ ವಾರದಲ್ಲೇ ಠಾಣೆಗೆ ಹೋಗಿ ಠೇವಣಿ ಇಟ್ಟು ರಸೀದಿ ತರಬೇಕು.